ಹೆಸರು ಬೇಡದ ಪ್ರಶ್ನಾವಳಿ

ಹಿರೇನಲ್ಲೂರಿನಲ್ಲಿ ಅಭ್ಯಾಸ ಬೋಧನೆಯ ಜೊತೆಗೆ ನಾನು ಮಾಡಬೇಕಿದ್ದ ಕಿರು ಸಂಶೋಧನೆಯ ವಿಷಯ ‘ಶಾಲೆಗಳಲ್ಲಿ ಮಾನವ ಸಂಪನ್ಮೂಲ ನೀತಿ’. ಹೆಸರು ದೊಡ್ಡದು, ಕೈಯಲ್ಲಿದ್ದದ್ದು 20 ಪ್ರಶ್ನೆಗಳ ಎರಡು ಹಾಳೆ. ಸುತ್ತಲಿನ ನಾಲ್ಕು ಶಾಲೆಗಳಿಗೆ ಹೋದೆ.

ಕಾಯಂ ಶಿಕ್ಷಕರು ಬೇಗ ತುಂಬಿಕೊಟ್ಟರು. ವರ್ಗಾವಣೆ ನೀತಿ ಅವರಿಗೆ ಬಾಯಿಪಾಠ: 2007ರ ಕಾಯ್ದೆ, ಆಮೇಲೆ 2020ರದ್ದು, ಎ, ಬಿ, ಸಿ ವಲಯ, ಕೌನ್ಸೆಲಿಂಗ್. ಒಪ್ಪಿಗೆಯಾಗದಿದ್ದರೂ ಅದು ಬರೆದಿಟ್ಟ ನಿಯಮ, ವಾದಿಸಬಹುದು.

ಒಂದು ಶಾಲೆಯ ಅತಿಥಿ ಶಿಕ್ಷಕಿ ಮಾತ್ರ ಹಾಳೆ ಹಿಂದಿರುಗಿಸಿದರು. “ಹೆಸರು ಬರೀಬೇಡಿ ಅಂತ ಮೇಲೆ ಹಾಕಿದ್ದೀರಿ. ಕೆಳಗೆ ಹುದ್ದೆ, ವಿಷಯ, ಸೇವಾವಧಿ ಕೇಳಿದ್ದೀರಿ. ಇಲ್ಲಿ ಅತಿಥಿ ಶಿಕ್ಷಕಿ ಅಂದ್ರೆ ನಾನೊಬ್ಬಳೇ ಅಲ್ವಾ ಸರ್?”

ನನಗೆ ಮಾತು ಹೊರಡಲಿಲ್ಲ. ಖಾಲಿ ಹುದ್ದೆಗೆ ಗೌರವಧನದ ಮೇಲೆ ಆ ವರ್ಷದ ಮಟ್ಟಿಗೆ ಬಂದವರು ಅವರು. ವರ್ಗಾವಣೆಯಲ್ಲಿ ಕಾಯಂ ಶಿಕ್ಷಕರು ಬಂದರೆ ಜಾಗ ಬಿಡಬೇಕು. ನನ್ನ 11ನೇ ಪ್ರಶ್ನೆ ‘ಮುಖ್ಯೋಪಾಧ್ಯಾಯರ ವರ್ತನೆ ತೃಪ್ತಿಕರವೇ?’ ತುಂಬಿದ ಹಾಳೆಗಳನ್ನು ನಾನು ಜೋಡಿಸಿಡುತ್ತಿದ್ದದ್ದು ಮುಖ್ಯೋಪಾಧ್ಯಾಯರ ಮೇಜಿನ ಮೇಲೆ!

ಆ ರಾತ್ರಿ ವಿಷಯ, ಹುದ್ದೆ, ಸೇವಾವಧಿಯ ಭಾಗವನ್ನು ಎಲ್ಲ ಹಾಳೆಗಳಿಂದ ಕತ್ತರಿಸಿದೆ. ಸೇವಾವಧಿಗೂ ತೃಪ್ತಿಗೂ ಇರುವ ಸಂಬಂಧದ ಕೋಷ್ಟಕ ಅದರೊಂದಿಗೇ ಹೋಯಿತು. “ಅದೇ ಮುಖ್ಯ ಚರಾಂಶ ಅಲ್ಲವೇನಯ್ಯಾ?” ಎಂದ ಮಾರ್ಗದರ್ಶಕರು ಕಾರಣ ಕೇಳಿ ಸುಮ್ಮನಾದರು. ಅಂಕ ಕಡಿಮೆ ಬಂತು, ಅದು ಬೇರೆ ಮಾತು.

ಕೊನೆಯ ದಿನ ಬಸ್ಸಿಗೆ ಕಾಯುವಾಗ ಆ ಮೇಡಂ ಸಿಕ್ಕರು. “ಏಪ್ರಿಲ್, ಮೇ ತಿಂಗಳು ಮನೆ ಹೇಗೆ ನಡೆಸ್ತೀರಿ ಅನ್ನೋ ಪ್ರಶ್ನೆಯೇ ನಿಮ್ಮ ಹಾಳೇಲಿ ಇಲ್ಲವಲ್ಲ ಸರ್?” ಎಂದರು. ಅದನ್ನು 21ನೆಯದಾಗಿ ಸೇರಿಸಿದ್ದೇನೆ. ಉತ್ತರವನ್ನೂ ಅವರು ಅಲ್ಲೇ ಹೇಳಿದರು, ನಾನು ಬರೆದುಕೊಳ್ಳಲಿಲ್ಲ.