ಗುಲ್ಮಾರ್ಗದ ಹಿಮದಲ್ಲಿ ಹೀರೋ ಕನ್ನಡಕ ಸಾಲದು!

ಶ್ರೀನಗರದಿಂದ ಸುಮಾರು 50 ಕಿಲೋಮೀಟರ್. ಟಂಗ್‌ಮಾರ್ಗ್ ದಾಟಿ, ಪೈನ್ ಮರಗಳ ನಡುವೆ ಸುತ್ತಿ ಸುತ್ತಿ ಹತ್ತಿದರೆ ಗುಲ್ಮಾರ್ಗ್! ‘ಬಾಬಿ’ (1973) ಚಿತ್ರದ ರಿಷಿ-ಡಿಂಪಲ್, ‘ಆಪ್ ಕಿ ಕಸಮ್’ (1974) ಚಿತ್ರದ ರಾಜೇಶ್ ಖನ್ನಾ-ಮುಮ್ತಾಜ್ ಓಡಾಡಿದ ನೆಲ. ಇಲ್ಲಿಗೆ ಬಂದ ಹುಡುಗರು ಮಾಡುವ ಮೊದಲ ಕೆಲಸವೇ ಕಪ್ಪು ಕನ್ನಡಕ ಏರಿಸಿ ಫೋಟೋ ತೆಗೆಸಿಕೊಳ್ಳೋದು. ಫೋಟೋಗೆ ಅಡ್ಡಿಯಿಲ್ಲ. ಸ್ಕೀ ಕಟ್ಟಿ ಇಳಿಜಾರಿಗೆ ಇಳಿದರೆ ಮಾತ್ರ ಕತೆಯೇ ಬೇರೆ!

ಬಾಡಿಗೆ ಅಂಗಡಿಯಲ್ಲಿ ಕಪ್ಪು, ಕಂದು, ಹಳದಿ, ಗುಲಾಬಿ ಗಾಜಿನ ಗಾಗಲ್‌ಗಳು ಸಾಲಾಗಿ ತೂಗಾಡುತ್ತಿದ್ದವು. ಹುಡುಗರ ಕೈಯೆಲ್ಲ ಹೋದದ್ದು ಕನ್ನಡಿಯಂತೆ ಫಳಫಳಿಸುವ ಕಪ್ಪಿನ ಕಡೆಗೇ. ಹಳದಿಯನ್ನು ಮೂಸಿ ನೋಡಿದವರೇ ಇಲ್ಲ.

ಗೊಂಡೋಲಾ ಏರಿ ಮೊದಲ ನಿಲ್ದಾಣ ಕೊಂಗ್ಡೂರಿಯಲ್ಲಿ ಇಳಿದೆ. ಆಕಾಶಕ್ಕೆ ಮೋಡ ಮುಚ್ಚಿತ್ತು. ನೆರಳೇ ಇಲ್ಲ! ಉಬ್ಬು ಯಾವುದು, ತಗ್ಗು ಯಾವುದು? ಪ್ರೊಜೆಕ್ಟರ್ ಆರಿದ ಮೇಲಿನ ಬಿಳಿ ಪರದೆಯ ಹಾಗೆ ಎಲ್ಲ ಒಂದೇ. ಕಪ್ಪು ಗಾಜಿನ ಹುಡುಗನೊಬ್ಬ ನನ್ನ ಕಣ್ಣೆದುರೇ ತಗ್ಗು ಕಾಣದೆ ಮಗುಚಿ ಬಿದ್ದ. ಮೂಳೆ ಉಳಿದದ್ದು ಪುಣ್ಯ. ಹಳದಿ ಗಾಜಿನವರು ಮಾತ್ರ ಅದೇ ಜಾಗದಲ್ಲಿ ಆರಾಮಾಗಿ ತಿರುಗಿ ಹೋದರು!

ಗುಟ್ಟು ಕ್ಯಾಮೆರಾಮನ್‌ಗಳಿಗೆ ಗೊತ್ತು. ಕಪ್ಪು-ಬಿಳುಪು ಚಿತ್ರದಲ್ಲಿ ಮೋಡ ಎದ್ದು ಕಾಣಲೆಂದು ಲೆನ್ಸಿನ ಮುಂದೆ ಹಳದಿ ಫಿಲ್ಟರ್ ಇಡುತ್ತಿದ್ದರು. ಅದು ನೀಲಿ ಬೆಳಕನ್ನು ತಡೆಯುತ್ತದೆ. ಹಿಮದಲ್ಲೂ ಅಷ್ಟೇ. ಹಳದಿ, ಗುಲಾಬಿ ಗಾಜು ನೀಲಿಯನ್ನು ತಗ್ಗಿಸಿ ಉಬ್ಬು-ತಗ್ಗನ್ನು ಎತ್ತಿ ತೋರಿಸುತ್ತದೆ.

ಲೆಕ್ಕವೂ ಸುಲಭ. ಎಸ್1 ಗುರುತಿನ ಗಾಜು ಶೇ. 43ರಿಂದ 80ರಷ್ಟು ಬೆಳಕು ಬಿಡುತ್ತದೆ. ಮೋಡ, ಮಂಜಿಗೆ ಇದು. ಎಸ್2 ಶೇ. 18ರಿಂದ 43, ಬಿಸಿಲು-ಮೋಡ ಕಣ್ಣಾಮುಚ್ಚಾಲೆ ಆಡುವಾಗ. ಎಸ್3 ಶೇ. 8ರಿಂದ 18, ಸುಡು ಬಿಸಿಲಿಗೆ. ಎರಡನೇ ಹಂತದ ಗೊಂಡೋಲಾ ಹತ್ತಿ ಅಫರ್‌ವಟ್‌ನ ಸುಮಾರು 3,950 ಮೀಟರ್ ಎತ್ತರಕ್ಕೆ ಹೋದಾಗ ನಿರಭ್ರ ಆಕಾಶವಿದ್ದರೆ ಕಡು ಕಂದೋ ಕಪ್ಪೋ ಬೇಕೇ ಬೇಕು. ರಾತ್ರಿ ದೀಪದ ಬೆಳಕಿನಲ್ಲಿ ಜಾರುವವರಿಗೆ ಬಣ್ಣವಿಲ್ಲದ ಗಾಜು.

ಇನ್ನೊಂದು ಮಾತು ಕೇಳಿ ಗೆಳೆಯರೇ. ಕಪ್ಪಾಗಿದ್ದ ಮಾತ್ರಕ್ಕೆ ಗಾಜು ಕಣ್ಣು ಕಾಯುತ್ತೆ ಅಂತಲ್ಲ! ಹೊಸ ಹಿಮ ಅತಿನೇರಳೆ ಕಿರಣವನ್ನು ಶೇ. 80ರವರೆಗೂ ವಾಪಸು ಎಸೆಯುತ್ತದೆ. ಎತ್ತರ ಸಾವಿರ ಮೀಟರ್ ಏರಿದರೆ ಅದರ ಬಿಸಿ ಶೇ. 10ರಷ್ಟು ಜಾಸ್ತಿ. ಕಿರಣ ತಡೆಯದ ಅಗ್ಗದ ಕಪ್ಪು ಗಾಜಿನ ಹಿಂದೆ ಕಣ್ಣಿನ ಪಾಪೆ ಅಗಲವಾಗಿ ತೆರೆದು, ಹೆಚ್ಚು ವಿಷ ಒಳಗೆ ಬಿಟ್ಟುಕೊಳ್ಳುತ್ತದೆ. ಆಗ ಏನೂ ಗೊತ್ತಾಗಲ್ಲ. ಕೆಲವು ಗಂಟೆ ಕಳೆದ ಮೇಲೆ ಕಣ್ಣಿಗೆ ಮರಳು ತುಂಬಿದ ಹಾಗೆ ಉರಿ, ನೀರು. ಅದೇ ಹಿಮಗುರುಡು! ಮೋಡವಿದ್ದರೂ ಈ ಕಿರಣ ತೂರಿ ಬರುತ್ತದೆ. ಆದ್ದರಿಂದ ಯಾವ ಬಣ್ಣವೇ ಇರಲಿ, ‘ಯುವಿ 400’ ಗುರುತು ನೋಡಿಯೇ ಕೊಳ್ಳಿ.

ಪರದೆಯ ಹೀರೋ ಬಿದ್ದರೆ ಡೂಪ್ ಇರುತ್ತಾನೆ. ನಿಮಗಿರೋದು ಎರಡೇ ಕಣ್ಣು. ಕನ್ನಡಿ ನೋಡಿ ಆರಿಸಬೇಡಿ, ಆಕಾಶ ನೋಡಿ ಆರಿಸಿ!