ಗಾಡಿ ಸೈಡಿಗೆ ಹಚ್ರಿ ಕಾಕಾ

ನೀವು ಬನಹಟ್ಟಿ ಬಿಟ್ಟಾಗ ನಸುಕಿನ ನಾಲ್ಕೂವರೆ. ಓಣಿಯ ಪಾವರ್‌ಲೂಮುಗಳಲ್ಲಿ ಒಂದೆರಡು ಇನ್ನೂ ರಾತ್ರಿಪಾಳಿ ಮುಗಿಸದೆ ಖಟಾಖಟ್ ಅನ್ನುತ್ತಿದ್ದವು. ಹಿಂದೆ ಸೀರೆಯ ಗಂಟುಗಳು, ಮೇಲೆ ತಾಡಪತ್ರಿ, ಪಕ್ಕದ ಸೀಟಿನಲ್ಲಿ ಮಫ್ಲರ್ ಸುತ್ತಿಕೊಂಡು ತೂಕಡಿಸುವ ಹುಡುಗ. ಅದೇ ಓಣಿಯವನು, ಲೋಡು ಏರಿಸಿ ಇಳಿಸಲು ಜೊತೆಗೆ ಬರುತ್ತಾನೆ, ನಿಮ್ಮನ್ನು ಕಾಕಾ ಅನ್ನುತ್ತಾನೆ. ನಿಮಗೆ ನಲವತ್ತಾರು. ಗಾಡಿ ಟಾಟಾ ಏಸ್, ಕಂತು ಇನ್ನೂ ತೀರಿಲ್ಲ.

ನವೆಂಬರ್ ತಿಂಗಳು, ಕಬ್ಬಿನ ಹಂಗಾಮು. ಮಹಾಲಿಂಗಪುರದ ಬೆಲ್ಲದ ಪೇಟೆ ಇನ್ನೂ ಎದ್ದಿಲ್ಲ. ಊರು ದಾಟಿದ್ದೇ ತಡ ಸಮೀರವಾಡಿ ಕಡೆ ಹೊರಟ ಟ್ರ್ಯಾಕ್ಟರುಗಳ ಸಾಲು ಸಿಗುತ್ತದೆ. ಒಂದೊಂದಕ್ಕೂ ಎರಡೆರಡು ಟ್ರೇಲರ್, ಎರಡೂ ಕಡೆ ರಸ್ತೆಯ ಮೇಲೆ ಚಾಚಿಕೊಂಡ ಕಬ್ಬು, ಹಿಂದೆ ರಿಫ್ಲೆಕ್ಟರ್ ಇದ್ದರೆ ನಿಮ್ಮ ಪುಣ್ಯ. ಚಾಲಕನ ತಲೆಯ ಮೇಲಿನ ಸ್ಪೀಕರುಗಳಲ್ಲಿ ಜನಪದ ಹಾಡು ಅರ್ಧ ಮೈಲಿಗೆ ಕೇಳುವಂತೆ ಬಡಿದುಕೊಳ್ಳುತ್ತಿದೆ. ಅವನೂ ನಿದ್ದೆಗೆಡಬೇಕಲ್ಲ. ಗಾಳಿಯಲ್ಲಿ ಕಾಕಂಬಿಯ ಹುಳಿ ವಾಸನೆ.

ಆಗ ಬರುತ್ತದೆ ಅದು. ನೋವು ಅನ್ನುವಂತಿಲ್ಲ. ಕೆಳದವಡೆ ಯಾಕೋ ಭಾರ, ಹಲ್ಲು ಕಚ್ಚಿ ಹಿಡಿದಂತೆ. ಎದೆಗೂಡಿನ ಕೆಳಗೆ, ಹೊಟ್ಟೆಯೂ ಅಲ್ಲದ ಎದೆಯೂ ಅಲ್ಲದ ಜಾಗದಲ್ಲಿ ಯಾರೋ ಅಂಗೈ ಊರಿದಂತೆ. ಕತ್ತಿನ ಹಿಂದೆ ತಣ್ಣಗೆ ಬೆವರು ಒಡೆಯುತ್ತದೆ. ಗಾಜು ಇಳಿಸುತ್ತೀರಿ. ಥಂಡಿ ಗಾಳಿ ಮುಖಕ್ಕೆ ಹೊಡೆದರೂ ಬೆವರು ನಿಲ್ಲುವುದಿಲ್ಲ.

ಹುಡುಗ ಎಚ್ಚರಾಗುತ್ತಾನೆ. “ಕಾಕಾ, ಯಾಕ ಬೆವರಾಕತ್ತೀರಿ? ಹೊರಗ ಥಂಡಿ ಕೊರಿಯಾಕತ್ತೈತಿ.”

“ಏನಿಲ್ಲೋ. ರಾತ್ರಿ ಬದನಿಕಾಯಿ ತಿಂದಿದ್ದೆ, ಗ್ಯಾಸ್ ಆಗೇತಿ.”

ಹೇಳಿಬಿಟ್ಟಿರಿ. ನಮ್ಮ ಕಡೆ ಗಂಡಸರ ಎದೆಯಲ್ಲಿ ಏನೇ ಆದರೂ ಮೊದಲು ಹೆಸರು ಬರುವುದು ಗ್ಯಾಸಿನದೇ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಎಲೆಅಡಿಕೆ ಚೀಟಿಗಳ ನಡುವೆ ಈನೋ ಪಾಕೀಟು ಯಾವಾಗಲೂ ಇರುತ್ತದೆ. ಹುಡುಗ ಬಾಟಲಿ ನೀರಿನಲ್ಲಿ ಕಲಸಿ ಕೊಡುತ್ತಾನೆ, ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಕುಡಿಯುತ್ತೀರಿ. ಢೇಕು ಬರುತ್ತದೆ. ಎರಡು ನಿಮಿಷಕ್ಕೆ ಅಂಗೈ ಊರಿದ್ದವನು ಎದ್ದು ಹೋಗುತ್ತಾನೆ. ದವಡೆ ಸಡಿಲ. ಗಾಜು ಏರಿಸಿ, ಮುಂದಿನ ಟ್ರ್ಯಾಕ್ಟರನ್ನು ಹಿಂದೆ ಹಾಕುತ್ತೀರಿ.

ನನ್ನನ್ನು ಕೇಳಿದರೆ ಈ ಪ್ರಯಾಣದ ಅತಿ ಕೆಟ್ಟ ನಾಲ್ಕು ಕಿಲೋಮೀಟರು ಇವೇ, ನೀವು ಆರಾಮಾಗಿರುವ ಈ ನಾಲ್ಕು. ಇಳಿಯದ ನೋವು ಕೊನೆಗೆ ಮನುಷ್ಯನನ್ನು ನಿಲ್ಲಿಸುತ್ತದೆ. ಇಳಿದ ನೋವು ಅವನ ಕೈಗೆ ಸ್ಟೇರಿಂಗ್ ವಾಪಸ್ ಕೊಡುತ್ತದೆ. ಹೃದಯದ ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬಿನ ಪದರು ಬಿರಿದಾಗ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪು ಅರೆಬರೆ ಕರಗಿ ರಕ್ತ ಹರಿದರೆ ನೋವು ತಗ್ಗುತ್ತದೆ, ಮತ್ತೆ ಕಟ್ಟಿದರೆ ಮತ್ತೆ ಬರುತ್ತದೆ. ಈನೋ ಕುಡಿದ ಮೇಲೆ ತಗ್ಗಿತು ಅಂದರೆ ಈನೋದಿಂದಲೇ ತಗ್ಗಿತು ಅಂತಲ್ಲ. ಮಿದುಳಿನದೂ ಇದೇ ಕಥೆ. ಬಾಯಿ ಒಂದು ಕಡೆ ಜೋತುಬಿದ್ದು, ಮಾತು ತೊದಲಿ, ಕ್ಲಚ್ ಒತ್ತುವ ಕಾಲು ಜೋಮು ಹಿಡಿದು ಹತ್ತು ನಿಮಿಷಕ್ಕೆ ಎಲ್ಲ ಸರಿಹೋದರೆ ಜನ “ದೇವರು ದೊಡ್ಡಾಂವ” ಅಂತ ಕೈಮುಗಿದು ಗೇರ್ ಹಾಕುತ್ತಾರೆ. ಹಾಗೆ ಬಂದುಹೋದವರಿಗೆ ಪೂರ್ಣ ಲಕ್ವ ಹೊಡೆಯುವ ಅಪಾಯ ಅತಿ ಹೆಚ್ಚಿರುವುದು ಮೊದಲ ಎರಡು ದಿನಗಳಲ್ಲಿ. ಸಕ್ಕರೆ ಕಾಯಿಲೆ ಇದ್ದವರಿಗಂತೂ ಹೃದಯಾಘಾತ ಎದೆನೋವೇ ಇಲ್ಲದೆ ಬರೀ ಬೆವರು, ಬರೀ ಸುಸ್ತು ಆಗಿ ಬರುವುದುಂಟು.

ಆದರೆ ನಿಮ್ಮ ತಲೆಯೊಳಗೆ ಓಡುತ್ತಿರುವುದು ಬೇರೆ ಲೆಕ್ಕ. ಏಳಕ್ಕೆ ಬಾಗಲಕೋಟೆಯ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗಂಟು ಇಳಿಯಬೇಕು. ಅಲ್ಲಿಂದ ಬೀಳಗಿಗೆ ಸಿಮೆಂಟ್ ಲೋಡು ಒಪ್ಪಿಕೊಂಡಿದ್ದೀರಿ. ಬೀಳಗಿಯಿಂದ ಜಮಖಂಡಿಗೆ ಏನಾದರೂ ಸಿಕ್ಕರೆ ಡೀಸೆಲ್ ಖರ್ಚು ಹುಟ್ಟುತ್ತದೆ. ಒಂದು ಟ್ರಿಪ್ ತಪ್ಪಿದರೆ ಮೂರೂ ತಪ್ಪುತ್ತವೆ, ಗಿರಾಕಿ ಮುಂದಿನ ಸಲ ಬೇರೆ ಗಾಡಿಗೆ ಫೋನ್ ಮಾಡುತ್ತಾನೆ.

ಹುಡುಗ ಮಾತ್ರ ನಿದ್ದೆಗೆ ಮರಳಿಲ್ಲ. ಮೊಬೈಲಿನಲ್ಲಿ ಎಂದೋ ನೋಡಿದ ವಿಡಿಯೊ ಅವನ ತಲೆಯಲ್ಲಿದೆ. ನೀವೂ ನೋಡಿದ್ದೀರಿ, ಕರ್ನಾಟಕದಲ್ಲಿ ಅದನ್ನು ನೋಡದ ಚಾಲಕ ಅಪರೂಪ. 2024ರ ನವೆಂಬರ್ 6, ನೆಲಮಂಗಲದಿಂದ ದಾಸನಪುರಕ್ಕೆ ಹೊರಟ ಬಿಎಂಟಿಸಿ ಬಸ್ಸು. ಒಳಗಿನ ಕ್ಯಾಮೆರಾದಲ್ಲಿ ನಲವತ್ತರ ಚಾಲಕ ಎಲ್ಲರಂತೆ ಕುಳಿತಿದ್ದಾನೆ. ಏನೋ ಹೆಕ್ಕಲು ಬಗ್ಗಿದವನಂತೆ ಮೈ ಬಾಗುತ್ತದೆ, ಮರುಕ್ಷಣ ಸೀಟಿನಿಂದ ಪಕ್ಕಕ್ಕೆ ಕುಸಿಯುತ್ತಾನೆ. ಬಸ್ಸು ಮುಂದಿನ ಇನ್ನೊಂದು ಬಸ್ಸಿಗೆ ಸವರಿಕೊಂಡು ಹೋಗುತ್ತದೆ. ಕಂಡಕ್ಟರ್ ಹಾರಿಬಂದು ಸ್ಟೇರಿಂಗ್ ಹಿಡಿದು ಬ್ರೇಕ್ ಒತ್ತಿ ಬಸ್ಸು ನಿಲ್ಲಿಸುತ್ತಾನೆ. ಪ್ರಯಾಣಿಕರು ಉಳಿದರು, ಚಾಲಕ ಉಳಿಯಲಿಲ್ಲ. ಮರುವರ್ಷ ಹಾಸನ ಜಿಲ್ಲೆಯಲ್ಲಿ ಸಾಲುಸಾಲಾಗಿ ಹೃದಯಾಘಾತದ ಸುದ್ದಿ ಬಂದಾಗ ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. 2025ರ ಜುಲೈನಲ್ಲಿ ಬಂದ ಆ ವರದಿಯ ಚರ್ಚೆಯಲ್ಲೂ ಆಟೊ, ಕ್ಯಾಬ್ ಚಾಲಕರ ಸಾವುಗಳು ಎದ್ದು ಕಂಡವು. ದಿನವಿಡೀ ಕುಳಿತ ಮೈ, ಹೊಗೆ, ಹೊತ್ತಿಗಿಲ್ಲದ ಊಟ, ಗುಟ್ಕಾ, ಅರೆನಿದ್ದೆ. ಇದನ್ನು ತಿಳಿಯಲು ನಿಮಗೆ ಸಮಿತಿ ಬೇಕಿಲ್ಲ.

ಮುಧೋಳ ಇನ್ನು ಎಂಟು ಕಿಲೋಮೀಟರು. ಎರಡನೇ ಸಲ ಅದು ಹೇಳದೆ ಕೇಳದೆ ಬರುತ್ತದೆ. ಈಗ ಎಡಭುಜವೂ ಸೇರಿಕೊಂಡಿದೆ. ಎದುರಿನ ಹೆಡ್‌ಲೈಟುಗಳ ಸುತ್ತ ಕಪ್ಪು ಅಂಚು ಕಟ್ಟಿ, ಬೆಳಕು ಸಣ್ಣದಾಗುತ್ತಾ ಹೋಗುತ್ತದೆ. ಸ್ಪೀಡೋಮೀಟರ್ ಅರವತ್ತರಲ್ಲಿದೆ. ಅರವತ್ತರ ವೇಗದಲ್ಲಿ ಗಾಡಿ ಸೆಕೆಂಡಿಗೆ ಹದಿನೇಳು ಮೀಟರ್ ಹೋಗುತ್ತದೆ. ಮೂರೇ ಸೆಕೆಂಡು ಕಣ್ಣಿಗೆ ಕತ್ತಲೆ ಬಂದರೆ ಐವತ್ತು ಮೀಟರ್, ಆ ಐವತ್ತು ಮೀಟರಿನೊಳಗೆ ಕಬ್ಬು ಹೇರಿದ ಟ್ರೇಲರ್ ಇದೆ.

“ತಮ್ಮಾ, ನನಗ ಬರೋಬ್ಬರಿ ಇಲ್ಲೋ.”

ಈ ಒಂದು ಮಾತು ಬಾಯಿಂದ ಹೊರಡಲು ಎಷ್ಟು ಹೊತ್ತು ಬೇಕಾಯಿತು ನೋಡಿ. ಹುಡುಗ ಕಾಯುತ್ತಲೇ ಇದ್ದ. “ಗಾಡಿ ಸೈಡಿಗೆ ಹಚ್ರಿ ಕಾಕಾ. ಈಗ ಹಚ್ರಿ. ಮುಧೋಳ ಗಿಧೋಳ ಬ್ಯಾಡ.”

ಸೈಡಿಗೆ ಹಚ್ಚುವುದೂ ಸುಲಭವಲ್ಲ. ಎಡಕ್ಕೆ ಎರೆಮಣ್ಣಿನ ಇಳಿಜಾರು, ಹಿಂದೆ ಹಾರ್ನ್ ಒತ್ತುತ್ತಿರುವ ಟೆಂಪೊ. ಎಡ ಇಂಡಿಕೇಟರ್ ಹಾಕುತ್ತೀರಿ. ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತೀರಿ, ಬ್ರೇಕ್ ಮೇಲೆ ಹಾರುವುದಿಲ್ಲ. ಗೇರಿನಲ್ಲೇ ಇರುವ ಗಾಡಿಯನ್ನು ಎಂಜಿನ್ನೇ ಹಿಡಿದು ನಿಧಾನಿಸುತ್ತದೆ. ಹುಡುಗನ ಒಂದು ಕೈ ಸ್ಟೇರಿಂಗಿನ ಕೆಳಭಾಗದಲ್ಲಿ, ಇನ್ನೊಂದು ಸೀಟುಗಳ ನಡುವಿನ ಹ್ಯಾಂಡ್‌ಬ್ರೇಕ್ ಮೇಲೆ. ನೀವು ಕುಸಿದರೆ ಅದನ್ನು ಒಮ್ಮೆಲೇ ಜಗ್ಗಬಾರದು, ಹಂತಹಂತವಾಗಿ ಎಳೆಯಬೇಕು, ಇಲ್ಲದಿದ್ದರೆ ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿ ತಿರುಗಿಬೀಳುತ್ತದೆ. ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡಬಹುದು, ಆದರೆ ಓಡುವ ಗಾಡಿಯ ಕೀಲಿಯನ್ನು ಕಿತ್ತು ತೆಗೆಯಬಾರದು. ತೆಗೆದರೆ ಸ್ಟೇರಿಂಗ್ ಲಾಕ್ ಆಗುತ್ತದೆ. ಎಂಜಿನ್ ನಿಂತ ಮೇಲೆ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಕಾಲಿನ ಪೂರ್ತಿ ಬಲ ಬೇಕು. ಪಕ್ಕದಲ್ಲಿ ಕೂರುವ ಹುಡುಗರಿಗೆ ಲೋಡು ಕಟ್ಟುವುದನ್ನು ಕಲಿಸುತ್ತೇವೆ, ಇದನ್ನು ಯಾರೂ ಕಲಿಸುವುದಿಲ್ಲ. ಇವನಿಗೆ ಹೇಗೋ ಗೊತ್ತಿದೆ.

ಗಾಡಿ ನಿಲ್ಲುತ್ತದೆ. ನಾಲ್ಕೂ ಇಂಡಿಕೇಟರ್ ಮಿನುಗುತ್ತಿವೆ.

“ನಾ ಹೊಡೀಲಿ ಏನು ಕಾಕಾ, ಮುಧೋಳತನಕ?” ಅವನ ಹತ್ತಿರ ಲೈಸೆನ್ಸ್ ಇಲ್ಲ. ಹಿಂದಿದ್ದ ಟೆಂಪೊದವನು ಇಳಿದು ಬಂದವನೇ, “ಏ, ಗ್ಯಾಸ್ ಇರ್ತೈತ್ರಿ, ಒಂದು ಸೋಡಾ ಕುಡದ್ರ ಹೋಗ್ತೈತಿ” ಅನ್ನುತ್ತಾನೆ. ಮುಧೋಳದ ರನ್ನನ ವೃತ್ತದ ಹತ್ತಿರ ಚಹಾ ಅಂಗಡಿ ತೆರೆದಿರುತ್ತದೆ ಅಂತಲೂ ಸೇರಿಸುತ್ತಾನೆ. ಒಳ್ಳೆಯ ಮನುಷ್ಯ, ಕೊಡುವ ಸಲಹೆ ಕೆಟ್ಟದ್ದು. ಹುಡುಗ 108 ಒತ್ತುತ್ತಾನೆ. ಆ ಕಡೆಯವರು ಮೊದಲು ಕೇಳುವುದು ಜಾಗ. ಅವನು ಮೊಬೈಲ್ ಟಾರ್ಚ್ ಹಿಡಿದು ಓಡಿಹೋಗಿ ಕಿಲೋಮೀಟರ್ ಕಲ್ಲು ಓದಿ ಬರುತ್ತಾನೆ. ವಯಸ್ಸು, ಎಚ್ಚರ ಇದೆಯೇ, ಉಸಿರು ಹೇಗಿದೆ, ಬಿಪಿ ಶುಗರ್ ಇದೆಯೇ. ನಡೆಸಬೇಡಿ, ಒರಗಿಸಿ ಕೂರಿಸಿ, ತಿನ್ನಲು ಕುಡಿಯಲು ಕೊಡಬೇಡಿ. ಸೋಡಾದ ಮಾತು ಅಲ್ಲಿಗೆ ಮುಗಿಯುತ್ತದೆ.

ಮುಧೋಳದ ಸರ್ಕಾರಿ ಆಸ್ಪತ್ರೆಯಲ್ಲಿ ಅಂಗಿ ಬಿಚ್ಚಿಸಿ, ಎದೆಯ ಮೇಲೆ ತಣ್ಣನೆಯ ಜೆಲ್ಲು ಸವರಿ ಆರು ತಂತಿ ಅಂಟಿಸುತ್ತಾರೆ, ಕೈಕಾಲಿಗೆ ನಾಲ್ಕು. ಕಾಗದ ಸರ್ರನೆ ಹೊರಬರುತ್ತದೆ. ಡ್ಯೂಟಿ ಡಾಕ್ಟರು ಅದನ್ನು ನೋಡಿ ನಿಮ್ಮ ಮುಖ ನೋಡುವುದಿಲ್ಲ, ನರ್ಸಿನ ಕಡೆ ನೋಡುತ್ತಾರೆ. ಅದು ಬದನೆಕಾಯಿಯ ತಪ್ಪಲ್ಲ ಅಂತ ನಿಮಗೆ ಆಗಲೇ ತಿಳಿಯುತ್ತದೆ. ಆಸ್ಪಿರಿನ್ ಮಾತ್ರೆ ಕೈಗಿಟ್ಟು, ನುಂಗಬೇಡಿ, ಕಡಿದು ಅಗಿಯಿರಿ ಅನ್ನುತ್ತಾರೆ.

ಇಂಥ ಹೊತ್ತಿಗೆಂದೇ, 2021ರ ಅಕ್ಟೋಬರ್ 29ರಂದು ತೀರಿಕೊಂಡ ನಟನ ಹೆಸರಿನಲ್ಲಿ ರಾಜ್ಯ ಸರ್ಕಾರ ತಂದದ್ದು ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ದೊಡ್ಡ ಕೇಂದ್ರಕ್ಕೆ ಕಳಿಸಿ, ಕಂಪ್ಯೂಟರ್ ನೆರವಿನಿಂದ ನಿಮಿಷಗಳಲ್ಲಿ ಓದಿಸುವುದು, ದೊಡ್ಡ ಹೃದಯಾಘಾತ ಅಂತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವುದು ಅದರ ಲೆಕ್ಕಾಚಾರ. ಹೊರಗೆ ಕೊಂಡರೆ ಆ ಮದ್ದಿಗೆ 30,000 ರೂಪಾಯಿ ಆಸುಪಾಸು. ಹೆಪ್ಪು ಹಳೆಯದಾದಷ್ಟೂ ಮದ್ದಿಗೆ ಮಣಿಯುವುದು ಕಡಿಮೆ. ಆದ್ದರಿಂದ ಯಾವ ಮದ್ದಿನ ಬೆಲೆಗಿಂತಲೂ ನೀವು ಕಳೆದ ಆ ಆರಾಮಿನ ನಾಲ್ಕು ಕಿಲೋಮೀಟರಿನ ಬೆಲೆ ಜಾಸ್ತಿ. ಲಕ್ವದಲ್ಲೂ ಹೆಪ್ಪು ಕರಗಿಸುವ ಮದ್ದಿಗೆ ಲಕ್ಷಣ ಶುರುವಾದಾಗಿನಿಂದ ಸುಮಾರು ನಾಲ್ಕೂವರೆ ಗಂಟೆಯ ಗಡುವು ಇದೆ. ಶುರುವಾದದ್ದು ಎಷ್ಟು ಗಂಟೆಗೆ ಅಂತ ಹೇಳಲು ಪಕ್ಕದಲ್ಲಿ ಒಬ್ಬರಿರಬೇಕು. ಹುಡುಗ ಹೇಳುತ್ತಾನೆ, “ಐದು ಹತ್ತಕ್ಕ ಬೆವತ್ರು. ನಾ ಮೊಬೈಲ್ ನೋಡಿದ್ದೆ.”

ಮಧ್ಯಾಹ್ನದ ಹೊತ್ತಿಗೆ ನೀವು ಬಾಗಲಕೋಟೆಯ ದೊಡ್ಡ ಆಸ್ಪತ್ರೆಯ ಹಾಸಿಗೆಯಲ್ಲಿದ್ದೀರಿ. ಡಾಕ್ಟರು ಕೇಳುತ್ತಾರೆ, “ಲೈಸೆನ್ಸ್ ಮಾಡಿಸುವಾಗ ನಿಮ್ಮ ಎದಿಗೆ ಯಾರಾದ್ರೂ ಸ್ಟೆತಾಸ್ಕೋಪ್ ಇಟ್ಟಿದ್ರೇನು?” ನಗು ಬರುತ್ತದೆ, ನಕ್ಕರೆ ಎದೆ ಹಿಡಿಯುತ್ತದೆ. ನಮೂನೆ 1ರಲ್ಲಿ ಮೂರ್ಛೆರೋಗ ಇದೆಯೇ, ದಿಢೀರನೆ ಪ್ರಜ್ಞೆ ತಪ್ಪುವುದು, ತಲೆಸುತ್ತು ಬರುವುದು ಉಂಟೇ ಅಂತ ಕೇಳುತ್ತಾರೆ. ಎಲ್ಲರೂ ಇಲ್ಲ ಅಂತ ಗೆರೆ ಎಳೆಯುತ್ತಾರೆ. ನಲವತ್ತು ದಾಟಿದವರಿಗೆ ವೈದ್ಯರ ಪ್ರಮಾಣಪತ್ರವೂ ಬೇಕು, ನಮೂನೆ 1ಎ. ಅದಕ್ಕೆ ಸಹಿ ಎಷ್ಟು ಬೇಗ ಬೀಳುತ್ತದೆ ಅನ್ನುವುದು ಆರ್‌ಟಿಒ ಆಫೀಸಿನ ಮುಂದೆ ಒಂದು ಬೆಳಿಗ್ಗೆ ನಿಂತವರಿಗೆಲ್ಲ ಗೊತ್ತು. ಇನ್ನೊಂದು ಕಾಕತಾಳೀಯ. ಬಿಎಂಟಿಸಿ ಚಾಲಕ ಕುಸಿದ ಅದೇ 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರ ಸಂವಿಧಾನ ಪೀಠ, ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋ ಒಳಗಿನ ಸರಕು ಗಾಡಿಯನ್ನೂ ಓಡಿಸಬಹುದು ಅಂತ ತೀರ್ಪು ಕೊಟ್ಟಿತು. ಹೊಟ್ಟೆಪಾಡಿನ ದೃಷ್ಟಿಯಿಂದ ಸರಿಯಾದ ತೀರ್ಪು. ಆದರೆ ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ ಬರುತ್ತದೆ, ಮೂವತ್ತರಿಂದ ಐವತ್ತರೊಳಗಿನವರ ಸಾದಾ ಲೈಸೆನ್ಸ್ ಹತ್ತು ವರ್ಷ ನಡೆಯುತ್ತದೆ. ಅಂದರೆ ನಿಮ್ಮಂಥವರ ಎದೆಯ ಸುದ್ದಿಯನ್ನು ಸರ್ಕಾರ ಹತ್ತು ವರ್ಷಕ್ಕೊಮ್ಮೆ ಕೇಳಿದರೆ ಹೆಚ್ಚು. ಮೈ ಸರಿಯಿಲ್ಲ ಅಂತ ಗೊತ್ತಿದ್ದೂ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 186ನೇ ಕಲಂ ಪ್ರಕಾರ ಮೊದಲ ಸಲ 1,000, ಮತ್ತೆ ಮಾಡಿದರೆ 2,000 ರೂಪಾಯಿವರೆಗೆ ದಂಡ. ಅದನ್ನು ಕಟ್ಟಿದವನನ್ನು ನಾನಂತೂ ಕಂಡಿಲ್ಲ.

“ಸರ್, ಮತ್ತ ಗಾಡಿ ಯಾವಾಗ ಹತ್ತಲಿ?”

ಬ್ರಿಟನ್ನಿನಲ್ಲಾದರೆ ಇದಕ್ಕೆ ಬರೆದಿಟ್ಟ ಉತ್ತರ ಇದೆ. ಹೃದಯಾಘಾತವಾದ ಲಾರಿ, ಬಸ್ಸು ಚಾಲಕರು ಕನಿಷ್ಠ ಆರು ವಾರ ಸ್ಟೇರಿಂಗ್ ಮುಟ್ಟುವಂತಿಲ್ಲ, ಆಮೇಲೂ ಪರೀಕ್ಷೆಯಲ್ಲಿ ಪಾಸಾಗಬೇಕು. ಸ್ವಂತ ಕಾರಿನವರಿಗೆ, ಆಂಜಿಯೋಪ್ಲಾಸ್ಟಿ ಸರಿಯಾಗಿದ್ದರೆ, ಒಂದು ವಾರ ಸಾಕು. ಇಲ್ಲಿ ಆ ಅವಧಿಯನ್ನು ಡಾಕ್ಟರ ಮಾತು ಮತ್ತು ಗಾಡಿಯ ಕಂತು ಸೇರಿ ತೀರ್ಮಾನಿಸುತ್ತವೆ.

“ಆರು ವಾರ ಬಿಟ್ಟು ಬರ್ರಿ, ಟ್ರೆಡ್‌ಮಿಲ್ ಮ್ಯಾಲ ಓಡಿಸಿ ನೋಡತೀನಿ. ಅಲ್ಲೀತನಕ ಸ್ಕೂಟರ್‌ನೂ ಬ್ಯಾಡ.”

ನಿಮ್ಮ ಹೆಂಡತಿ ಆರು ವಾರ ಅಂದರೆ ಎಷ್ಟು ಕಂತು ಅಂತ ಬೆರಳು ಮಡಚುತ್ತಾಳೆ. ಎರಡು. ಹುಡುಗ ಬಾಗಿಲಲ್ಲಿ ಫೋನಿನಲ್ಲಿದ್ದಾನೆ, ಜಮಖಂಡಿಯ ಒಬ್ಬ ಡ್ರೈವರ್ ಜೊತೆ ದಿನಗೂಲಿ ಚೌಕಾಸಿ ಮಾಡುತ್ತಿದ್ದಾನೆ. ಊಟ ಬಿಟ್ಟು ಎಂಟುನೂರಕ್ಕೆ ಒಪ್ಪಿಸಿ, ಫೋನ್ ಇಡುವ ಮುಂಚೆ ಕೇಳುತ್ತಾನೆ, “ಮತ್ತ ನಿಮಗ ಬಿಪಿ ಶುಗರ್ ಏನರ ಐತೇನ್ರಿ?”