ಥೇಮ್ಸ್ ದಂಡೆಯ ಮೇಲೆ ನಮ್ಮೂರ ಹುಡುಗ

ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿಯ ರೈತರೊಬ್ಬರು ಹೊಲವನ್ನು ಒತ್ತೆಯಿಟ್ಟು ಮಗನನ್ನು ಲಂಡನ್ನಿಗೆ ಓದಲು ಕಳುಹಿಸಿದರು. ಆ ಹುಡುಗ ನನ್ನ ಶಿಷ್ಯ. ಹೋದ ಮೂರನೆಯ ದಿನವೇ ಫೋನಿನಲ್ಲಿ, "ಸರ್, ನಾ ತಿರುಗಿ ಬರ್ತೀನ್ರಿ" ಎಂದ.

ಅಲ್ಲಿ ಅವನಿಗೆ ಯಾರೂ ಕೇಡು ಬಗೆದಿರಲಿಲ್ಲ. ಆದರೆ ನೆಲದಡಿಯ ರೈಲಿನಲ್ಲಿ ಮೊಣಕೈ ತಾಗುವಂತೆ ಕುಳಿತವರೂ ಮಾತನಾಡಿಸರು. ಅಂಗಡಿಯಲ್ಲಿ ಹಣ ಪಡೆಯುವುದೂ ಯಂತ್ರವೇ. ಪಕ್ಕದ ಕೋಣೆಯವನ ಹೆಸರೂ ತಿಳಿಯದು. ಮೂರು ದಿನದಲ್ಲಿ ಅವನು ಬಾಯಿ ತೆರೆದು ಆಡಿದ್ದು 'ಸಾರಿ' ಎಂಬ ಒಂದೇ ಮಾತು.

"ಟಿಕೆಟ್ ತೆಗೆಸುವ ಮುನ್ನ ಥೇಮ್ಸ್ ನದಿಯ ಆಲ್ಬರ್ಟ್ ದಂಡೆಗೆ ಹೋಗಿ ಬಾ" ಎಂದೆ. ಅಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪುತ್ಥಳಿಯಿದೆ. ಸಂಜೆ ಅದರ ಮುಂದೆ ನಿಂತು ಅವನು ತಾಯಿಗೆ ಫೋನು ಹಚ್ಚಿದ. ಊರಿನಲ್ಲಿ ಆಗ ರಾತ್ರಿ ಹತ್ತು. ಫೋನಿನ ತೆರೆಯಲ್ಲಿ ಬಸವಣ್ಣನವರನ್ನು ಕಂಡು ಆಕೆ ಕೈಮುಗಿದು, ಮರುಗಳಿಗೆಯಲ್ಲೇ ಕೇಳಿದರಂತೆ: "ಉಂಡೀ ಏನಪ್ಪಾ? ಬಾಜೂ ಖೋಲಿ ಹುಡುಗ ಉಂಡಾನೇನು?"

ಆ ರಾತ್ರಿ ಅವನು ಊರಿನಿಂದ ಒಯ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹಿಡಿದು ಪಕ್ಕದ ಬಾಗಿಲು ತಟ್ಟಿದ. ತೆರೆದವನು ನೈಜೀರಿಯದ ಹುಡುಗ. ಅವನೂ ಯಾರಾದರೂ ಮಾತನಾಡಿಸಿಯಾರೆಂದು ಕಾದಿದ್ದನಂತೆ.

1936ರಲ್ಲಿ ಸವಣೂರಿನ ವಿ. ಕೃ. ಗೋಕಾಕರು ಹಡಗೇರಿ ಆಕ್ಸ್‌ಫರ್ಡಿಗೆ ಹೋದ ಕಾಲದಲ್ಲಿ ತಾಯಿಯ ದನಿ ಹೀಗೆ ಕಡಲು ದಾಟುವಂತಿರಲಿಲ್ಲ. ಇಂದು ದಾಟುತ್ತದೆ, ಬಾಗಿಲನ್ನು ಮಾತ್ರ ನಾವೇ ತಟ್ಟಬೇಕು.

ಹೊಲದ ಒತ್ತೆ ಇನ್ನೂ ಬಿಟ್ಟಿಲ್ಲ. ಮರಳುವ ಮಾತನ್ನು ಹುಡುಗ ಬಿಟ್ಟಿದ್ದಾನೆ.